ರಾವುಲ್ ವಾಲೆನ್‌ಬರ್ಗ್

ಒಂದು ದೇಶದ ರಾಜಧಾನಿಯಲ್ಲಿ ಮತ್ತೊಂದು ದೇಶದ ಬಾವುಟ ಹಾರುವ ಮನೆಯೇ ರಾಯಭಾರ ಕಚೇರಿ. ಆ ನಾಡಿನ ಪೊಲೀಸರೂ ಅಪ್ಪಣೆಯಿಲ್ಲದೆ ಅದರ ಹೊಸ್ತಿಲನ್ನು ದಾಟುವಂತಿಲ್ಲ. ರಾಷ್ಟ್ರಗಳು ಪರಸ್ಪರ ಒಪ್ಪಿ ನಡೆಸಿಕೊಂಡು ಬಂದ ಈ ಮರ್ಯಾದೆಯನ್ನೇ ಕೊಡೆಯಂತೆ ಬಿಚ್ಚಿ ಸಾವಿರಾರು ಅಸಹಾಯಕರ ತಲೆಯ ಮೇಲೆ ಹಿಡಿದವನು ರಾವುಲ್ ವಾಲೆನ್‌ಬರ್ಗ್.

ವಾಲೆನ್‌ಬರ್ಗನು 1912ರಲ್ಲಿ ಸ್ವೀಡನ್ನಿನ ಹೆಸರಾಂತ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ಅಮೆರಿಕದಲ್ಲಿ ವಾಸ್ತುಶಿಲ್ಪವನ್ನು ಓದಿ, ಅನಂತರ ವ್ಯಾಪಾರದಲ್ಲಿ ತೊಡಗಿದನು. ರಾಯಭಾರದ ಅನುಭವ ಅವನಿಗೆ ಇರಲಿಲ್ಲ. ಅದು ಇಲ್ಲದಿದ್ದುದೇ ಒಳ್ಳೆಯದಾಯಿತೇನೋ.

1944ರ ಮಾರ್ಚಿಯಲ್ಲಿ ನಾಜಿ ಜರ್ಮನಿಯ ಸೈನ್ಯ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳಿಂದ ಜುಲೈವರೆಗೆ, ಎರಡು ತಿಂಗಳೂ ತುಂಬುವ ಮೊದಲೇ, ನಾಲ್ಕು ಲಕ್ಷಕ್ಕೂ ಮಿಕ್ಕ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಅವರಲ್ಲಿ ಬಹುಪಾಲು ಜನ ಸೇರಿದ್ದು ಆಶ್‌ವಿಟ್ಜ್ ಎಂಬ ಸಾವಿನ ಶಿಬಿರವನ್ನು. ರಾಜಧಾನಿಯಾದ ಬುಡಾಪೆಸ್ಟಿನ ಯಹೂದಿಗಳು ಇನ್ನೂ ಉಳಿದಿದ್ದರು. ಅಮೆರಿಕದ ಪ್ರೇರಣೆಯಿಂದ, ಯುದ್ಧದಲ್ಲಿ ತಟಸ್ಥವಾಗಿದ್ದ ಸ್ವೀಡನ್ ವಾಲೆನ್‌ಬರ್ಗನನ್ನು ತನ್ನ ರಾಯಭಾರ ಕಚೇರಿಯ ಕಾರ್ಯದರ್ಶಿಯನ್ನಾಗಿ ಅಲ್ಲಿಗೆ ಕಳುಹಿಸಿತು. ಜುಲೈ 9ರಂದು ಆತನು ಬುಡಾಪೆಸ್ಟನ್ನು ತಲುಪಿದನು.

ಆ ಕಚೇರಿಯವರು ಅದಾಗಲೇ ಕೆಲವರಿಗೆ ತಾತ್ಕಾಲಿಕ ರಹದಾರಿಗಳನ್ನು ಕೊಡುತ್ತಿದ್ದರು. ವಾಲೆನ್‌ಬರ್ಗನು ನೀಲಿ ಹಳದಿ ಬಣ್ಣಗಳಲ್ಲಿ, ಸ್ವೀಡನ್ನಿನ ಮೂರು ಕಿರೀಟಗಳ ಲಾಂಛನವುಳ್ಳ ಹೊಸ ರಕ್ಷಣಾಪತ್ರವನ್ನು ಸಿದ್ಧಪಡಿಸಿದನು. ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಹೆಚ್ಚಿನ ಬೆಲೆಯೇನೂ ಇರಲಿಲ್ಲ. ಆದರೆ ಮೊಹರು ಸಹಿಗಳನ್ನು ಕಂಡರೆ ಅಂಜುವ ಅಧಿಕಾರಿಗಳು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ! ಆತನು ನಗರದಲ್ಲಿ ಸುಮಾರು ಮೂವತ್ತು ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಅವುಗಳ ಮೇಲೆ ಸ್ವೀಡನ್ನಿನ ಬಾವುಟವನ್ನು ಏರಿಸಿದನು. ಸ್ವಿಟ್ಜರ್ಲೆಂಡಿನ ಕಾರ್ಲ್ ಲುಟ್ಸ್ ಕೂಡ ಅದೇ ನಗರದಲ್ಲಿ ಇಂತಹ ಸಾಹಸದಲ್ಲಿ ತೊಡಗಿದ್ದನು.

ಅಕ್ಟೋಬರಿನಲ್ಲಿ ನಾಜಿಗಳ ಬೆಂಬಲದಿಂದ ಏರೋ ಕ್ರಾಸ್ ಪಕ್ಷದವರು ಅಧಿಕಾರ ಹಿಡಿದರು. ಯಹೂದಿಗಳನ್ನು ಡ್ಯಾನ್ಯೂಬ್ ನದಿಯ ದಡಕ್ಕೆ ಎಳೆದೊಯ್ದು ಗುಂಡಿಕ್ಕಿದರು. ನವೆಂಬರಿನ ಚಳಿಯಲ್ಲಿ ಸಾವಿರಾರು ಜನರನ್ನು ಆಸ್ಟ್ರಿಯದ ಗಡಿಯತ್ತ ಕಾಲ್ನಡಿಗೆಯಲ್ಲಿ ಅಟ್ಟಿದರು. ವಾಲೆನ್‌ಬರ್ಗನು ಆಹಾರ, ಔಷಧಗಳೊಡನೆ ಕಾರಿನಲ್ಲಿ ಅವರ ಬೆನ್ನುಹತ್ತಿದನು; ರಕ್ಷಣಾಪತ್ರವಿದ್ದವರನ್ನು ತನ್ನ ದೇಶದ ಆಶ್ರಿತರೆಂದು ವಾದಿಸಿ, ಬಿಡಿಸಿಕೊಂಡು ಬಂದನು.

1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ನಗರವನ್ನು ಪ್ರವೇಶಿಸಿತು. 17ರಂದು ಅದರ ಸೇನಾಧಿಕಾರಿಗಳನ್ನು ಕಾಣಲು ಹೊರಟ ವಾಲೆನ್‌ಬರ್ಗನು ಹಿಂದಿರುಗಲಿಲ್ಲ. ರಾಯಭಾರ ಕಚೇರಿಯ ಅಧಿಕಾರಿಯನ್ನು ಬಂಧಿಸಕೂಡದೆಂಬ ಮರ್ಯಾದೆಯನ್ನು ಮೀರಿ ಆತನನ್ನು ಮಾಸ್ಕೋದ ಸೆರೆಮನೆಗೆ ಒಯ್ದಿದ್ದರು. ಅದೇ ಮಾಸ್ಕೋದಲ್ಲಿ ಸ್ವೀಡನ್ನಿನ ರಾಯಭಾರ ಕಚೇರಿಯಿತ್ತು. 1946ರಲ್ಲಿ ಅಲ್ಲಿನ ರಾಯಭಾರಿಗೆ ಸ್ಟಾಲಿನ್ನನ ಭೇಟಿಯೂ ದೊರೆಯಿತು. ಆದರೆ ವಾಲೆನ್‌ಬರ್ಗನನ್ನು ಬಿಡಿಸಿಕೊಡಿರೆಂದು ಪಟ್ಟುಹಿಡಿಯುವ ಬದಲು, ಆತನು ಹಂಗೇರಿಯಲ್ಲಿಯೇ ಸತ್ತಿರಬೇಕೆಂಬ ತನ್ನ ಊಹೆಯನ್ನು ಆ ರಾಯಭಾರಿ ತಾನಾಗಿಯೇ ಮುಂದಿಟ್ಟನು.

ವಾಲೆನ್‌ಬರ್ಗನು 1947ರ ಜುಲೈಯಲ್ಲಿ ಸೆರೆಯಲ್ಲೇ ಸತ್ತನೆಂದು ಸೋವಿಯತ್ ಸರ್ಕಾರ 1957ರಲ್ಲಿ ತಿಳಿಸಿತು. ಮನೆಯವರು ಅದನ್ನು ನಂಬಲಿಲ್ಲ. ಮಗನನ್ನು ಹುಡುಕುತ್ತಲೇ ತಾಯಿ 1979ರಲ್ಲಿ ತೀರಿಕೊಂಡಳು. ಸ್ವೀಡನ್ ಆತನನ್ನು ವಿಧಿವತ್ತಾಗಿ ಮೃತನೆಂದು ಘೋಷಿಸಿದ್ದು 2016ರಲ್ಲಿ.