ಎಲೆಯಿಂದ ಔಷಧಿಯವರೆಗೆ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ನಮ್ಮ ಮಂಚೇನಹಳ್ಳಿ ಕಡೆ ಎರಡು ಸಲಹೆ ಬರುತ್ತವೆ. ಒಂದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಎಂದು. ಇನ್ನೊಂದು, ಇಂಥ ಊರಲ್ಲಿ ಗಿಡಮೂಲಿಕೆ ರಸ ಕೊಡುತ್ತಾರೆ, ಮೊದಲು ಅದನ್ನು ಕುಡಿಸಿ ನೋಡಿ ಎಂದು. ಗಿಡಮೂಲಿಕೆಯನ್ನೂ ಪ್ರಯೋಗಾಲಯವನ್ನೂ ಚೆನ್ನಾಗಿ ಬಲ್ಲವರೊಬ್ಬರ ಬಗ್ಗೆ ನಾನು ಇಲ್ಲಿ ಬರೆಯುತ್ತಿದ್ದೇನೆ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮವರಂನಲ್ಲಿ. ಬಡತನದ ಮನೆ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಗ ಅದಕ್ಕೆ ಮದ್ದೇ ಇರಲಿಲ್ಲ.

ಮಾವನ ಸಹಾಯದಿಂದ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಆಪರೇಷನ್ ಕೋಣೆಗೂ ಖಾದಿ ಬಟ್ಟೆಯನ್ನೇ ತೊಟ್ಟು ಹೋದರು. ಇದು ಇಂಗ್ಲಿಷ್ ಪ್ರೊಫೆಸರ್‌ಗೆ ಹಿಡಿಸಲಿಲ್ಲ. ಕೊನೆಗೆ ಅವರಿಗೆ ಪೂರ್ಣ ಎಂ.ಬಿ.ಬಿ.ಎಸ್. ಸಿಗದೆ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. ಸರ್ಕಾರಿ ಕೆಲಸ ಸಿಗದೆ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ಅಲ್ಲಿ ಗಿಡಮೂಲಿಕೆಗಳ ಗುಣ ಕಂಡು, ಅವುಗಳನ್ನು ಆಧುನಿಕ ರೀತಿಯಲ್ಲಿ ಪರೀಕ್ಷಿಸಬೇಕು ಎಂದುಕೊಂಡರು. ಅದಕ್ಕೆ ಬೇಕಾದ ವಿದ್ಯೆ ಕಲಿಯಲು 1923ರಲ್ಲಿ ಅಮೆರಿಕಕ್ಕೆ ಹೋದರು.

ಹಾರ್ವರ್ಡ್‌ನಲ್ಲಿ ಓದುತ್ತಾ, ಖರ್ಚಿಗಾಗಿ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಕೂಲಿ ಕೆಲಸ ಮಾಡಿದರು. 1925ರಲ್ಲಿ ಫಿಸ್ಕ್ ಅವರ ಜೊತೆ ಸೇರಿ ರಕ್ತ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಕಂಡುಹಿಡಿದರು. ನಮ್ಮ ಸೈನ್ಸ್ ವಿಭಾಗದವರು ಓದುವ ಎಟಿಪಿಯನ್ನು ಸ್ನಾಯುವಿನಿಂದ ಬೇರ್ಪಡಿಸಿದವರಲ್ಲಿ ಇವರೂ ಒಬ್ಬರು. ಆದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧಿ ಕಂಪನಿ ಸೇರಿದರು.

ಇಲ್ಲಿಂದ ಅವರ ದೊಡ್ಡ ಕೆಲಸ ಶುರುವಾಗುತ್ತದೆ. ಸೊಪ್ಪಿನಲ್ಲಿ ಫೋಲಿಕ್ ಆಮ್ಲ ಎಂಬ ಜೀವಸತ್ವ ಇದೆ. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಅಂದರೆ ಎಲೆ. 1941ರಲ್ಲಿ ವಿಜ್ಞಾನಿಗಳು ಅದನ್ನು ಪಾಲಕ್ ಸೊಪ್ಪಿನಿಂದ ತೆಗೆದು ಈ ಹೆಸರಿಟ್ಟರು. 1945ರಲ್ಲಿ ಸುಬ್ಬರಾವ್ ಅವರ ತಂಡ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಅವರ ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಗೆ ಅದೇ ಔಷಧಿಯಾಯಿತು.

ಬಾಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಇದೇ ಬಗೆಯ ಔಷಧಿಯನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಕಾಯಿಲೆ ಕಡಿಮೆಯಾಗುವ ಬದಲು ಜೋರಾದಂತೆ ಕಂಡಿತು. ಏಕೆಂದರೆ ಜೀವಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು, ಮತ್ತು ಕ್ಯಾನ್ಸರ್ ಕೋಶಗಳು ಎಡೆಬಿಡದೆ ಹೆಚ್ಚುತ್ತಲೇ ಇರುತ್ತವೆ. ಹಾಗಾದರೆ ಅದನ್ನು ತಡೆದರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ ಅಮಿನೋಪ್ಟೆರಿನ್ ತಯಾರಿಸಿ ಕೊಟ್ಟಿತು. ಅದು ಬೀಗದೊಳಗೆ ಹೋಗುತ್ತದೆ, ಆದರೆ ತಿರುಗದ ಕೀ ಇದ್ದ ಹಾಗೆ. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಆ ಚೇತರಿಕೆ ಸ್ವಲ್ಪ ಕಾಲದ್ದು ಮಾತ್ರ, ಆದರೂ ಅಲ್ಲಿಯವರೆಗೆ ಅಷ್ಟೂ ಆಗಿರಲಿಲ್ಲ. ಅದರ ನಂತರ ಬಂದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಈ ಹೆಸರು ನನಗೆ ಗೊತ್ತಾಗಿದ್ದು ನಮ್ಮ ದಾದಿಯ ಮಾತ್ರೆಯಿಂದ. ಅವರಿಗೆ ಕೀಲುವಾತಕ್ಕೆ ವಾರಕ್ಕೊಮ್ಮೆ ಮಾತ್ರ ಇದನ್ನು ಕೊಡುತ್ತೇವೆ, ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ. ವಾರದ ಮಾತ್ರೆಯನ್ನು ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಎಚ್ಚರಿಸಿದ್ದಾರೆ. ಇಷ್ಟು ಲೆಕ್ಕ ಬೇಕಾದ ಔಷಧಿಯನ್ನು ಲೋಟದಲ್ಲಿ ಅಳೆಯಲು ಆಗುತ್ತದೆಯೇ?

ಗಿಡಗಳಲ್ಲಿ ಔಷಧಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾವು ಸದಾಬಹಾರ್ ಎನ್ನುವ, ಕನ್ನಡದಲ್ಲಿ ನಿತ್ಯಪುಷ್ಪ ಎನ್ನುವ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬರುತ್ತದೆ. ಆದರೆ ರಾಶಿ ಎಲೆಯಿಂದ ಸಿಗುವುದು ಬಹಳ ಸ್ವಲ್ಪ. ಅದನ್ನು ಶುದ್ಧ ಮಾಡಿ, ಅಳೆದು, ಡಾಕ್ಟರ್‌ಗಳು ರಕ್ತನಾಳಕ್ಕೆ ಕೊಡುತ್ತಾರೆ. ಅದೇ ಎಲೆಯನ್ನು ಮನೆಯಲ್ಲಿ ಅರೆದು ಕುಡಿದರೆ ವಿಷವಾಗಬಹುದು. ಹಾಗೆಂದು ಪಾಲಕ್ ತಿನ್ನಲು ಯಾರೂ ಹೆದರಬೇಕಿಲ್ಲ. ಆರೋಗ್ಯವಂತ ದೇಹಕ್ಕೆ ಫೋಲಿಕ್ ಆಮ್ಲ ಬೇಕೇ ಬೇಕು. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲೂ ಅದು ಇದೆ.

ಆನೆಕಾಲು ರೋಗದ ಮಾತ್ರೆಯೂ ಸುಬ್ಬರಾವ್ ಅವರ ತಂಡದ ಕೊಡುಗೆಯೇ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಅವರು ಅಮೆರಿಕದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮತ್ತೆ ಊರಿಗೆ ಬರಲಾಗಲಿಲ್ಲ. ನೊಬೆಲ್ ಸಿಗಲಿಲ್ಲ. ಭಾರತದ ಅಂಚೆ ಚೀಟಿಯಲ್ಲಿ ಅವರ ಮುಖ ಬಂದಿದ್ದು 1995ರಲ್ಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಗಂಟು ಕಾಣಿಸಿದರೆ, ಬಿಡದ ಜ್ವರ ಇದ್ದರೆ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವುದಾದರೂ ಸೊಪ್ಪಿನ ರಸ ಕುಡಿಯುತ್ತಿದ್ದರೆ ಅದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಕ್ಯಾನ್ಸರ್‌ನಲ್ಲಿ ಕಳೆದುಹೋದ ಒಂದು ತಿಂಗಳನ್ನು ಯಾವ ಎಲೆಯೂ ವಾಪಸ್ ಕೊಡುವುದಿಲ್ಲ.