ಬೀಟಲ್ಸ್‌ಗೆ ಕೋಟು ಹೊಲಿಸಿದವನು

ಈ ಸಲದ ಫೆಸ್ಟ್‌ನಲ್ಲಿ ನನ್ನನ್ನ ಎರಡು ಟೀಮ್‌ಗೆ ಹಾಕಿದ್ರು. ಒಂದು, ಹಾಡೋಕೆ ಬರೋ ಬ್ಯಾಂಡ್ ನೋಡ್ಕೊಳ್ಳೋದು. ಇನ್ನೊಂದು, ಫೆಸ್ಟ್ ಟೀ ಶರ್ಟ್ ಮಾರೋದು. ಎರಡಕ್ಕೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ. ಆಮೇಲೆ ಬ್ರಯಾನ್ ಎಪ್‌ಸ್ಟೀನ್ ಬಗ್ಗೆ ಓದಿದೆ.

ಬ್ರಯಾನ್ ಹುಟ್ಟಿದ್ದು 1934ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಯಹೂದಿ ಕುಟುಂಬ, ಮನೆಯವರದ್ದು ಫರ್ನಿಚರ್ ಅಂಗಡಿ. ಹುಡುಗನಿಗೆ ಬಟ್ಟೆ ಡಿಸೈನ್ ಮಾಡೋ ಆಸೆ, ಅಪ್ಪ ಒಪ್ಪಲಿಲ್ಲ. (ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಈ ಕಥೆ ಗೊತ್ತು.) ಲಂಡನ್ನಿನ ನಾಟಕ ಶಾಲೆಗೆ ಸೇರಿ, ಅದನ್ನೂ ಅರ್ಧಕ್ಕೇ ಬಿಟ್ಟು ಊರಿಗೆ ವಾಪಸ್ ಬಂದ. ಮನೆಯವರು ಗ್ರಾಮಫೋನ್ ರೆಕಾರ್ಡ್ ಮಾರೋ ವಿಭಾಗವನ್ನ ಅವನ ಕೈಗೆ ಕೊಟ್ಟರು.

ಅಲ್ಲಿ ಆತ ಮಿಂಚಿದ. ಒಬ್ಬನೇ ಗಿರಾಕಿ ಕೇಳಿದ್ದರೂ ಸರಿ, ಆ ರೆಕಾರ್ಡ್ ತರಿಸಿಕೊಡುತ್ತಿದ್ದ. ಯಾವುದು ಖಾಲಿಯಾಗ್ತಿದೆ ಅಂತ ನೋಡಿದ ತಕ್ಷಣ ಗೊತ್ತಾಗೋಕೆ ಫೋಲ್ಡರ್‌ಗಳಿಗೆ ದಾರ ಕಟ್ಟೋ ಒಂದು ಪದ್ಧತಿ ಮಾಡಿಕೊಂಡಿದ್ದ. ಕಂಪ್ಯೂಟರ್ ಇಲ್ಲದ ಕಾಲದ ಡೇಟಾಬೇಸ್ ಅನ್ನಿ.

1961ರ ನವೆಂಬರ್ 9ರಂದು ಅಂಗಡಿ ಹತ್ತಿರದ ಕ್ಯಾವರ್ನ್ ಕ್ಲಬ್‌ಗೆ ಹೋದ. ಅದೊಂದು ನೆಲಮಾಳಿಗೆ. ನಾಲ್ಕು ಹುಡುಗರು ಚರ್ಮದ ಜಾಕೆಟ್ ಹಾಕ್ಕೊಂಡು, ಸ್ಟೇಜ್ ಮೇಲೇ ತಿಂತಾ, ಸಿಗರೇಟ್ ಸೇದ್ತಾ ಹಾಡ್ತಿದ್ದರು. ಬ್ಯಾಂಡ್ ನೋಡಿಕೊಂಡ ಅನುಭವ ಒಂದು ದಿನದ್ದೂ ಇರಲಿಲ್ಲ. ಆದರೂ ಮ್ಯಾನೇಜರ್ ಆಗ್ತೀನಿ ಅಂತ ಮುಂದೆ ಬಂದ.

ಅವರ ಹಾಡಿಗೆ ಆತ ಕೈ ಹಾಕಲಿಲ್ಲ. ಕೋಟು ಹೊಲಿಸಿದ. ಟೈಮಿಗೆ ಸರಿಯಾಗಿ ಬರೋದು, ಹಾಡು ಮುಗಿದ ಮೇಲೆ ನಾಲ್ವರೂ ಒಟ್ಟಿಗೆ ತಲೆ ಬಾಗೋದು, ಇದನ್ನೆಲ್ಲ ರೂಢಿ ಮಾಡಿಸಿದ. ಟೇಪ್ ಹಿಡ್ಕೊಂಡು ಲಂಡನ್ ಅಲೆದ. ಡೆಕ್ಕಾ ಕಂಪನಿ ಹಾಡಿಸಿ ನೋಡಿ ಬೇಡ ಅಂತು. ಕೊನೆಗೆ ಇಎಂಐನ ಜಾರ್ಜ್ ಮಾರ್ಟಿನ್ ಅವಕಾಶ ಕೊಟ್ಟರು. ಡ್ರಮ್ಮರ್ ಪೀಟ್ ಬೆಸ್ಟ್ ಬೇಡ ಅಂತ ಉಳಿದವರು ತೀರ್ಮಾನಿಸಿದಾಗ, ಅದನ್ನ ಮುಖಕ್ಕೆ ಹೇಳೋ ಕೆಲಸವೂ ಬ್ರಯಾನ್ ತಲೆಗೇ ಬಂತು. 1964ರಲ್ಲಿ ಅಮೆರಿಕದ ಎಡ್ ಸಲಿವನ್ ಟಿವಿ ಶೋಗೆ ಕರೆದಾಗ, ದುಡ್ಡು ಕಡಿಮೆಯಾದ್ರೂ ಪರವಾಗಿಲ್ಲ, ಮುಖ್ಯ ಸ್ಥಾನ ನಮ್ಮ ಹುಡುಗರಿಗೇ ಬೇಕು ಅಂತ ಪಟ್ಟು ಹಿಡಿದ. ಸುಮಾರು 7.3 ಕೋಟಿ ಜನ ನೋಡಿದರು.

ಎಡವಿದ್ದು ಸಾಮಾನಿನಲ್ಲಿ. ಬೀಟಲ್ಸ್ ಹೆಸರಲ್ಲಿ ವಿಗ್, ಗೊಂಬೆ, ಬ್ಯಾಡ್ಜ್ ಎಲ್ಲ ಮಾರಾಟ ಆಗ್ತಿತ್ತು. ಆ ಹೆಸರು ಬಳಸೋಕೆ ಲೈಸೆನ್ಸ್ ಕೊಡೋ ಕೆಲಸ ಬೇರೆ ಕಂಪನಿಯೊಂದಕ್ಕೆ ಹೋಯಿತು. ಲೈಸೆನ್ಸ್‌ನಿಂದ ಬಂದ ದುಡ್ಡಲ್ಲಿ ಶೇಕಡಾ 90 ಆ ಕಂಪನಿಗೆ, 10 ಮಾತ್ರ ಈ ಕಡೆಗೆ! ಮೊದಲ ಸಿನಿಮಾದಲ್ಲೂ ಅಷ್ಟೇ. ನಿರ್ಮಾಪಕರು ಶೇಕಡಾ 25 ಕೊಡೋಕೆ ರೆಡಿ ಇದ್ದರಂತೆ, ಈತ ತಾನಾಗೇ 7.5 ಕೇಳಿದ. ನನಗನ್ಸೋದು, ರೆಕಾರ್ಡ್‌ಗೆ ಬೆಲೆ ಹಾಕಿ ಕಳಿಸ್ತಿದ್ದವರು ಬೇರೆಯವರು. ಬರೀ ಒಂದು ಹೆಸರಿಗೆ ಬೆಲೆ ಕಟ್ಟೋದನ್ನ ಆ ಅಂಗಡಿ ಅವನಿಗೆ ಕಲಿಸಿರಲಿಲ್ಲ. ಲೈಸೆನ್ಸ್ ಪಾಲನ್ನ ಆಮೇಲೆ ಹೆಚ್ಚಿಸಿಕೊಂಡರೂ, ಜಗಳ ಕೋರ್ಟ್ ಹತ್ತಿ 1967ರವರೆಗೂ ಎಳೀತು.

ನಗೋಕೆ ನನಗೆ ಹಕ್ಕಿಲ್ಲ. ಯಾರಿಗೆ ಯಾವ ಸೈಜ್ ಅಂತ ಕೇಳದೇ ಆರ್ಡರ್ ಮಾಡಿದ ಎಕ್ಸ್‌ಎಲ್ ಟೀ ಶರ್ಟ್‌ಗಳು ಇನ್ನೂ ನನ್ನ ಹಾಸ್ಟೆಲ್ ಮಂಚದ ಕೆಳಗಿವೆ.

1966ರ ಆಗಸ್ಟ್‌ನಲ್ಲಿ ಬೀಟಲ್ಸ್ ಟೂರ್ ಮಾಡೋದನ್ನೇ ನಿಲ್ಲಿಸಿದರು. ಬ್ರಯಾನ್‌ಗೆ ದಿನವಿಡೀ ಇದ್ದ ಕೆಲಸ ಒಮ್ಮೆಲೇ ಇಲ್ಲವಾಯಿತು. ಆತ ಸಲಿಂಗಿ. ಗಂಡಸರ ನಡುವಿನ ಸಂಬಂಧ ಇಂಗ್ಲೆಂಡಿನಲ್ಲಿ ಆಗ ಅಪರಾಧ, ಹಾಗಾಗಿ ಇಡೀ ಬದುಕು ಮುಚ್ಚಿಟ್ಟುಕೊಂಡೇ ನಡೆದಿತ್ತು. ಕಾನೂನು ಬದಲಾಗಿದ್ದು 1967ರ ಜುಲೈನಲ್ಲಿ. ಆಗಸ್ಟ್ 27ರಂದು ಲಂಡನ್ನಿನ ಮನೆಯಲ್ಲಿ ಹೆಣವಾಗಿ ಸಿಕ್ಕ. ನಿದ್ದೆ ಮಾತ್ರೆ ಆಕಸ್ಮಿಕವಾಗಿ ಹೆಚ್ಚಾಗಿದ್ದು ಕಾರಣ ಅಂತ ತೀರ್ಮಾನವಾಯಿತು. ವಯಸ್ಸು 32. ಬೀಟಲ್ಸ್ ಆಗ ಮಹರ್ಷಿ ಮಹೇಶ್ ಯೋಗಿ ಜೊತೆ ವೇಲ್ಸ್‌ನ ಬ್ಯಾಂಗರ್‌ನಲ್ಲಿದ್ದರು.

ಅದೇ ಡಿಸೆಂಬರ್‌ನಲ್ಲಿ ಬೀಟಲ್ಸ್ ಲಂಡನ್ನಿನ ಬೇಕರ್ ಸ್ಟ್ರೀಟ್‌ನಲ್ಲಿ ತಮ್ಮದೇ ಬಟ್ಟೆ ಅಂಗಡಿ ತೆರೆದರು. ಎಂಟು ತಿಂಗಳೂ ನಡೀಲಿಲ್ಲ. 1968ರ ಜುಲೈ ಕೊನೆಗೆ ಬಾಗಿಲು ಹಾಕುವಾಗ, ಉಳಿದ ಬಟ್ಟೆಯನ್ನೆಲ್ಲ ಬಂದವರಿಗೆ ಪುಕ್ಕಟೆ ಹಂಚಿದರು.