ಸಿಂಹಳದ ಹಕ್ಕಿಗಳ ಚರಿತ್ರಕಾರ: ವಿನ್ಸೆಂಟ್ ಲೆಗ್

ಚರಿತ್ರೆಯೆಂದರೆ ರಾಜರ ಯುದ್ಧಗಳು, ಒಪ್ಪಂದಗಳು ಎಂದೇ ಕಲಾವಿಭಾಗದ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಒಂದು ದ್ವೀಪದ ಹಕ್ಕಿಗಳಿಗೂ ಚರಿತ್ರೆಯುಂಟೆಂದು ತಿಳಿದು, ಅದನ್ನು ಬರೆಯಲು ತನ್ನ ಯೌವನವನ್ನೇ ಮೀಸಲಿಟ್ಟ ಸೈನಿಕನೊಬ್ಬನಿದ್ದನು. ಆತನೇ ಕರ್ನಲ್ ವಿಲಿಯಂ ವಿನ್ಸೆಂಟ್ ಲೆಗ್. ಆ ಮಹನೀಯನ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ನನ್ನ ಉದ್ದೇಶ.

ಲೆಗ್ ಮಹಾಶಯನು 1841ರಲ್ಲಿ ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದಲ್ಲಿ ಜನಿಸಿದನು. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳಲ್ಲಿ ವ್ಯಾಸಂಗ ಮಾಡಿ, 1862ರಲ್ಲಿ ಬ್ರಿಟಿಷ್ ಸೇನೆಯ ಫಿರಂಗಿ ದಳವನ್ನು ಸೇರಿದನು. 1868ರ ಸುಮಾರಿಗೆ ಆತನಿಗೆ ಸಿಂಹಳಕ್ಕೆ, ಎಂದರೆ ಇಂದಿನ ಶ್ರೀಲಂಕೆಗೆ, ವರ್ಗವಾಯಿತು.

ಆ ದ್ವೀಪದಲ್ಲೇ ಜನಿಸಿದ ಕೆಲಾರ್ಟ್ ಎಂಬ ವೈದ್ಯನು 1852ರಲ್ಲಿ ಅಲ್ಲಿನ ಪ್ರಾಣಿಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದನು, 1860ರಲ್ಲಿ ತೀರಿಹೋದನು. ಆತನು ಹಾಕಿದ ತಳಪಾಯದ ಮೇಲೆ ಲೆಗ್ ಕಟ್ಟಡವನ್ನೆಬ್ಬಿಸಿದನು. ದಂಡಿನ ಕೆಲಸದಿಂದ ಬಿಡುವು ದೊರೆತಾಗಲೆಲ್ಲ ಕಾಡು, ಕೆರೆ, ಕಡಲತೀರಗಳನ್ನು ಸುತ್ತಿದನು. ಆ ಕಾಲದ ಪದ್ಧತಿಯಂತೆ ಹಕ್ಕಿಗಳನ್ನು ಕೋವಿಯಿಂದ ಹೊಡೆದು ಸಂಗ್ರಹಿಸಿದನು. ಗೂಡು, ಮೊಟ್ಟೆ, ಕೂಗುಗಳನ್ನು ಗಮನಿಸಿ ಬರೆದಿಟ್ಟನು.

ಸಿಂಹಳದ ಹಕ್ಕಿಗಳಲ್ಲಿ ಮನೆಯವರೂ ಉಂಟು, ಅತಿಥಿಗಳೂ ಉಂಟು. ಚಳಿಗಾಲದಲ್ಲಿ ಉತ್ತರದಿಂದ ಬರುವ ನವರಂಗ, ಅಂಬರಗುಬ್ಬಿ, ಗದ್ದೆಗೊರವ, ಕಾಡುಬಾತುಗಳು ಅತಿಥಿಗಳು. ಏಪ್ರಿಲ್ ಕಳೆಯುವುದರೊಳಗೆ ಅವುಗಳಲ್ಲಿ ಹೆಚ್ಚಿನವು ಮರಳಿಬಿಡುತ್ತವೆ. ಸಿಂಹಳದ ಕಾಡುಕೋಳಿ, ಹಸಿರು ಕೊಕ್ಕಿನ ಕೆಂಬೂತ, ಕಾಗೆಯ ಬಳಗಕ್ಕೆ ಸೇರಿದ ನೀಲಿ ಹಕ್ಕಿ ಮುಂತಾದವು ಲೋಕದಲ್ಲಿ ಬೇರೆಲ್ಲಿಯೂ ನೆಲೆಸಿಲ್ಲ. ಇಂಥವು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ನೈಋತ್ಯದ ಮಳೆಕಾಡು ಮತ್ತು ನಡುವಣ ಬೆಟ್ಟಗಳೇ ಆಶ್ರಯ. ಅತಿಥಿಗೆ ಹಿಂದಿರುಗಲು ಮತ್ತೊಂದು ನಾಡುಂಟು; ಮನೆಯವರಿಗೆ ಇರುವುದು ಇದೊಂದೇ.

ಲೆಗ್ ಇದ್ದ ದಿನಗಳಲ್ಲೇ ಆ ಬೆಟ್ಟಗಳ ಕಾಡು ಕಾಫಿ ತೋಟಗಳಿಗಾಗಿ ಉರುಳುತ್ತಿತ್ತು. 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಕಾಫಿ ನಾಶವಾಯಿತು. ಅದರ ಸ್ಥಾನಕ್ಕೆ ಚಹಾ ಬಂದಿತು. ಕಾಡು ಮಾತ್ರ ಮರಳಲಿಲ್ಲ.

1877ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಲೆಗ್, 1878ರಿಂದ 1880ರವರೆಗೆ ಸಿಂಹಳದ ಪಕ್ಷಿಗಳ ಚರಿತ್ರೆಯನ್ನು ಭಾಗಭಾಗವಾಗಿ ಹೊರತಂದನು. ಸಾವಿರದ ಇನ್ನೂರಕ್ಕೂ ಮಿಕ್ಕ ಪುಟಗಳ ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದವನು ಪ್ರಸಿದ್ಧ ಕಲಾವಿದ ಕ್ಯೂಲೆಮನ್ಸ್. 1883ರಲ್ಲಿ ಟಾಸ್ಮೇನಿಯಕ್ಕೆ ಮರಳಿ ಅಲ್ಲಿನ ಸೇನೆಯ ನಾಯಕತ್ವ ವಹಿಸಿದನು. 1901ರಲ್ಲಿ ಆಸ್ಟ್ರೇಲಿಯದ ಪಕ್ಷಿಶಾಸ್ತ್ರಜ್ಞರ ಸಂಘಕ್ಕೆ ಪ್ರಥಮ ಅಧ್ಯಕ್ಷನಾದನು. 1918ರಲ್ಲಿ ನಿಧನನಾದನು.

ಆತನ ಗುಣವನ್ನು ತೋರುವ ಸಂಗತಿಯೊಂದು ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದಿದೆ. ಸಿಂಹಳದ ಬೆಟ್ಟಗಾಡಿನ ದೊಡ್ಡ ಗಿಡುಗವೊಂದು ಹಿಮಾಲಯದ ಗಿಡುಗಕ್ಕಿಂತ ಬೇರೆಯದೆಂದು ಆತನು 1878ರಲ್ಲಿ ನಿರ್ಧರಿಸಿ, ಅದಕ್ಕೆ ಕೆಲಾರ್ಟನ ಹೆಸರನ್ನಿಟ್ಟನು. ಅನಂತರದ ವಿದ್ವಾಂಸರು ಎರಡನ್ನೂ ಒಂದೇ ಜಾತಿಯೆಂದು ಸೇರಿಸಿಬಿಟ್ಟರು. ಕೊನೆಗೆ 2008ರಲ್ಲಿ ವಿಜ್ಞಾನಿಗಳು ಅದರ ಪ್ರತ್ಯೇಕತೆಯನ್ನು ಮತ್ತೆ ಎತ್ತಿಹಿಡಿದರು. ನೂರ ಮೂವತ್ತು ವರ್ಷಗಳ ತರುವಾಯ ಲೆಗ್‌ನ ತೀರ್ಪು ಗೆದ್ದಿತು! ಆ ಗಿಡುಗವು ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಇದೆಯೆಂಬುದು ನಮಗೆ ಸಂತೋಷದ ವಿಷಯ. ವೈಜ್ಞಾನಿಕ ನಾಮದಲ್ಲಿ ಕೆಲಾರ್ಟನೂ ಇಂಗ್ಲಿಷ್ ಹೆಸರಿನಲ್ಲಿ ಲೆಗ್‌ನೂ ಅದರೊಡನೆ ಬಾಳುತ್ತಿದ್ದಾರೆ.

ಅಷ್ಟು ಶ್ರಮಿಸಿದ ಲೆಗ್‌ನ ಕಣ್ಣಿಗೂ ಬೀಳದ ಹಕ್ಕಿಯೊಂದಿತ್ತು. ಸಿಂಹರಾಜ ಮಳೆಕಾಡಿನಲ್ಲಿ 2001ರಲ್ಲಿ ದೀಪಲ್ ವರಕಗೊಡ ಎಂಬವರು ಒಂದು ಪುಟ್ಟ ಗೂಬೆಯನ್ನು ಕಂಡರು. 2004ರಲ್ಲಿ ಅದು ಹೊಸ ಜಾತಿಯೆಂದು ಪ್ರಕಟವಾಯಿತು. ಅದೇ ಕಾಡಿನಲ್ಲಿ 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಮರ ಕಡಿಯುವ ಕೆಲಸ ನಡೆದು, ದಶಕ ಮುಗಿಯುವ ಮುನ್ನ ನಿಂತಿತು. ನಿಲ್ಲದೆ ಹೋಗಿದ್ದರೆ ಆ ಗೂಬೆಯು ಹೆಸರು ಪಡೆಯುವ ಮೊದಲೇ ಅಲ್ಲಿಂದ ಅಳಿಯುತ್ತಿತ್ತೇನೋ!

ಚರಿತ್ರೆಯನ್ನು ಬರೆಯುವವನಿಗೆ ಲೆಗ್‌ನ ತಾಳ್ಮೆ ಬೇಕು. ಆದರೆ ಬರೆಯಲು ಇನ್ನೂ ಏನಾದರೂ ಉಳಿದಿರಬೇಕಾದರೆ ಕಾಡು ನಿಂತಿರಬೇಕು. ಘಟ್ಟದ ಸೀಮೆಯವರಾದ ನಾವು ಆತನ ಜೀವನದಿಂದ ಕಲಿಯತಕ್ಕ ಪಾಠವಿದು.